ಸಬ್ ಔಟ್ ಇಲ್ಲದ ಅಗ್ಗದ ರಿಸೀವರ್‌ಗೆ ಸಬ್‌ವೂಫರ್ ಹಾಕಿದ ಕತೆ

ಎರಡು ಚಾನೆಲ್‌ನ ಅಗ್ಗದ ರಿಸೀವರ್‌ಗೆ (ರೇಡಿಯೊ, ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿ) ಸಬ್‌ವೂಫರ್, ಅಂದರೆ ತಗ್ಗು ದನಿಯ ಬೇಸ್‌ಗೆಂದೇ ಇರುವ ಸ್ಪೀಕರ್, ಹಾಕ್ತೀನಿ ಅಂದಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ಆಂಪ್ ಸುಟ್ಟುಹೋಗುತ್ತೆ ಮಾರಾಯ, ಇದನ್ನ ಮಾರಿ ಹೋಮ್ ಥಿಯೇಟರ್ ರಿಸೀವರ್ ತಗೋ." ಮೂರ್ನಾಲ್ಕು ವರ್ಷವಾಯಿತು, ಆಂಪ್ ಸುಟ್ಟಿಲ್ಲ. ಹಾಗಂದವರೇ ಈಗ ತಮ್ಮ ಮನೆಯ ಪೆಟ್ಟಿಗೆಗೂ ವೈರಿಂಗ್ ಮಾಡಿಕೊಡು ಅಂತ ಕರೆಯುತ್ತಾರೆ.

ರಟ್ಟಿನ ಡಬ್ಬದ ಮೇಲೆ ಚಾನೆಲ್‌ಗೆ 100 ವಾಟ್ ಅಂತ ಅಚ್ಚಾಗಿತ್ತು. ನಾನದನ್ನು ನಂಬುವುದಿಲ್ಲ. ಆದರೆ ಅರ್ಧವೇ ಬಂದರೂ ನಷ್ಟ ಬರೀ 3 ಡೆಸಿಬೆಲ್, ಕಿವಿಗೆ ಸ್ವಲ್ಪವೇ ಸಣ್ಣಗೆ. ನನ್ನ ಕೊರತೆ ವಾಟ್‌ನದಲ್ಲ, ಬೇಸ್‌ನದು. ಐದಿಂಚಿನ ಬುಕ್‌ಶೆಲ್ಫ್ ಸ್ಪೀಕರ್ 60 ಹರ್ಟ್ಸ್ ಹತ್ತಿರ ಬರುವಷ್ಟರಲ್ಲಿ ಕೈಚೆಲ್ಲುತ್ತದೆ; ರಿಸೀವರ್ ಹಿಂಬದಿಯಲ್ಲಿ ನೋಡಿದರೆ ಸಬ್ ಔಟ್ (ಸಬ್‌ವೂಫರ್‌ಗೆಂದೇ ಇರುವ ಕಿಂಡಿ) ಇಲ್ಲ, ಪ್ರೀ ಔಟೂ (ಆಂಪ್‌ಗೆ ಮುಂಚಿನ ಸಿಗ್ನಲ್ ಕೊಡುವ ಕಿಂಡಿ) ಇಲ್ಲ.

ಮೊದಲು ರೆಕಾರ್ಡ್ ಮಾಡಿಕೊಳ್ಳಲೆಂದು ಇರುವ ರೆಕ್ ಔಟ್‌ನಿಂದ ತಂತಿ ಎಳೆದೆ. ಬೇಸ್ ಬಂತು. ಆದರೆ ಆ ಸಿಗ್ನಲ್ ವಾಲ್ಯೂಮ್ ಗುಂಡಿಗೆ ಮುಂಚೆಯೇ ಹೊರಬೀಳುವಂಥದು. ಹಾಡು ಸಣ್ಣಗಾದರೂ ಸಬ್ ತನ್ನ ಪಾಡಿಗೆ ಗುಡುಗುತ್ತಿತ್ತು. ಆಮೇಲೆ ಸ್ಪೀಕರ್‌ಗೆ ಹೋಗುವ ಜೋರು ಸಿಗ್ನಲ್ ತಗ್ಗಿಸಿಕೊಡುವ, ಕಾರಿಗೆ ಹಾಕುವ ಲೈನ್ ಲೆವೆಲ್ ಕನ್ವರ್ಟರ್ ತಂದೆ. ಅದರೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ಗೆ ಆಳದ ಬೇಸ್ ದಾಟಿಸುವ ತಾಕತ್ತೇ ಇಲ್ಲ, ಜೊತೆಗೆ 'ಗುಂಯ್' ಅನ್ನೋ ಹಮ್ ಬೇರೆ. ಆ ಕನ್ವರ್ಟರ್ ಮತ್ತು ಅದಕ್ಕೆ ತಂದ ಕೇಬಲ್ ಸೇರಿ ರಿಸೀವರ್ ಬೆಲೆಯ ಐದನೇ ಒಂದು ಪಾಲಾದರೂ ಹೋಗಿರಬೇಕು. ಎರಡೂ ಡ್ರಾಯರ್‌ನಲ್ಲಿವೆ, ಬೇಕಾದವರು ಒಯ್ಯಬಹುದು.

ಕೊನೆಗೆ ಹೈ ಲೆವೆಲ್ ಇನ್‌ಪುಟ್ ಇರುವ ಸಬ್ ಕೊಂಡೆ. ಸೆಕೆಂಡ್ ಹ್ಯಾಂಡ್ ಆದರೂ ರಿಸೀವರ್‌ಗಿಂತ ದುಬಾರಿ. ಇದು ಸ್ಪೀಕರ್ ಟರ್ಮಿನಲ್‌ನಿಂದಲೇ ಸಿಗ್ನಲ್ ತಗೊಳ್ಳುತ್ತದೆ. ಅದರ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ತೀರಾ ಹೆಚ್ಚಿರುವುದರಿಂದ ಆಂಪ್‌ನಿಂದ ಕರೆಂಟ್ ಎಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಸುಡುವ ಮಾತೆಲ್ಲಿ ಬಂತು?

ರಿಸೀವರ್‌ನಲ್ಲಿ ಎರಡು ಜೊತೆ ಸ್ಪೀಕರ್‌ಗೆ ಎ, ಬಿ ಅಂತ ಎರಡು ಸೆಟ್ ಟರ್ಮಿನಲ್; ಎ ಗೆ ಸ್ಪೀಕರ್ ಇತ್ತು, ಬಿ ಖಾಲಿಯಿತ್ತು. ಸಬ್ ಅನ್ನು ಅಲ್ಲಿಗೆ ಕೊಟ್ಟು, ಎರಡೂ ಒಟ್ಟಿಗೆ ನುಡಿಸುವ ಎ+ಬಿ ಗುಂಡಿ ಒತ್ತಿದೆ. ಮುಖ್ಯ ಸ್ಪೀಕರ್‌ಗಳ ದನಿಯೇ ಅಡಗಿಹೋಯಿತು! ಪಕ್ಕದಲ್ಲಿದ್ದ ಗೆಳೆಯ "ಹೋಯ್ತು ನೋಡು" ಅಂದ. ಏನೂ ಹೋಗಿರಲಿಲ್ಲ. ಕೆಲವು ಅಗ್ಗದ ರಿಸೀವರ್‌ಗಳಲ್ಲಿ ಎ ಮತ್ತು ಬಿ ಸೀರೀಸ್‌ನಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಇರುತ್ತವೆ. ದಾರಿಯಲ್ಲಿ ಸಬ್‌ನ ಹೈ ಇಂಪೀಡೆನ್ಸ್ ಕೂತರೆ ಸ್ಪೀಕರ್‌ಗೆ ಕರೆಂಟ್ ಎಲ್ಲಿಂದ ಬರಬೇಕು? ಪರೀಕ್ಷೆ ಸುಲಭ: ಬಿ ಖಾಲಿ ಬಿಟ್ಟು ಎ+ಬಿ ಒತ್ತಿ. ಸದ್ದು ನಿಂತರೆ ಸೀರೀಸ್. ನಾನು ಬಿ ಕೈಬಿಟ್ಟು, ಸಬ್ ತಂತಿಯನ್ನು ಎ ಟರ್ಮಿನಲ್‌ಗೇ ಸ್ಪೀಕರ್ ತಂತಿ ಜೊತೆ ಸೇರಿಸಿದೆ. ಕೆಲಸ ಮುಗಿಯಿತು. ಹಾಗಂತ ಬ್ರಿಡ್ಜ್ಡ್ ಔಟ್‌ಪುಟ್ (ಕೆಂಪು, ಕಪ್ಪು ಎರಡರಲ್ಲೂ ಸಿಗ್ನಲ್) ಇರುವ ಪೆಟ್ಟಿಗೆಗೆ ಇದನ್ನು ಮಾಡಬೇಡಿ, ಅಲ್ಲಿ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ.

ಜಾಗ ಹುಡುಕುವುದಕ್ಕೆ ಸಬ್ ಅನ್ನೇ ನಾನು ಕೂರುವ ಕುರ್ಚಿಯ ಮೇಲಿಟ್ಟು, ಬೇಸ್ ಎಲ್ಲಿ ಹದವಾಗಿ ಕೇಳುತ್ತದೆ ಅಂತ ಗೋಡೆಗುಂಟ ಅಂಬೆಗಾಲಿಟ್ಟೆ. ಮನೆಯವರು ನಕ್ಕರು. ಕೋಣೆಯ ಉದ್ದ ಸುಮಾರು 4 ಮೀಟರ್, ಅದರ ಎರಡರಷ್ಟು ಉದ್ದದ ಅಲೆ ಗೋಡೆಗಳ ನಡುವೆ ಮೊಳಗುತ್ತದೆ; ಹಾಗಾಗಿ 43 ಹರ್ಟ್ಸ್ ಆಸುಪಾಸಿನಲ್ಲಿ ಮೂಲೆಯೆಲ್ಲ ಬರೀ ಗುಡುಗು. ಬೇಸ್ ಹದವಾಗಿ ಕೇಳಿದ್ದು ಬಲಗೋಡೆಯ ನಡುವೆ, ಅಲ್ಲೇ ಇಟ್ಟೆ. ಸಬ್‌ನ ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ವರೆಗೆ ಸಬ್ ನುಡಿಯಬೇಕು ಅನ್ನುವುದು) 60–65 ಹರ್ಟ್ಸ್, ಗೇನ್ (ಸಬ್‌ನ ಸದ್ದಿನ ಮಟ್ಟ) ಕಾಲು ತಿರುವಿಗಿಂತ ಕಡಿಮೆ. ಸಬ್ ಮತ್ತು ಸ್ಪೀಕರ್‌ಗಳ ಅಲೆಗಳನ್ನು ಹೊಂದಿಸುವ ಫೇಸ್ ಗುಂಡಿಯನ್ನು ಕಿವಿಯಿಂದಲೇ ಹೊಂದಿಸುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಉಳಿದ ಸ್ಪೀಕರ್ ತಂತಿಯನ್ನು ಸೀಳಿ ರಿಸೀವರ್‌ನ ಎಫ್‌ಎಂಗೆ ಡೈಪೋಲ್ (ಎರಡು ಕೈಯ ಆಂಟೆನಾ) ಮಾಡಿದೆ, ಒಂದೊಂದು ಕೈ ಮುಕ್ಕಾಲು ಮೀಟರ್‌ಗೆ ಸ್ವಲ್ಪ ಕಡಿಮೆ. ಡಬ್ಬದಲ್ಲಿ ಬಂದಿದ್ದ ಒಂಟಿ ತಂತಿಗೆ ಬರೀ ಸರಸರ ಅನ್ನುತ್ತಿದ್ದ ಸ್ಟೇಷನ್‌ಗಳಿಗೂ ಈಗ ಸ್ಟೀರಿಯೊ ದೀಪ ಹತ್ತುತ್ತದೆ. ಒಂದು ಸ್ಟೇಷನ್ ಮಾತ್ರ ಇನ್ನೂ ಬಗ್ಗಿಲ್ಲ. ಅದಕ್ಕೆ ತಂತಿಯನ್ನು ಅಡ್ಡ ಬಿಟ್ಟು ನೆಟ್ಟಗೆ ನಿಲ್ಲಿಸಿ ನೋಡಬೇಕು.