ಮಹಾನಗರದಲ್ಲಿ ಮನೆ ಹಿಡಿಯುವ ಮುನ್ನ ಓಡಾಟದ ಲೆಕ್ಕ ಹಾಕಿ

ದೊಡ್ಡ ನಗರಕ್ಕೆ ಕೆಲಸಕ್ಕೆಂದು ಬರುವವರು ಮೊದಲು ಮನೆ ಹಿಡಿದು, ಆಮೇಲೆ ಆಫೀಸಿಗೆ ದಾರಿ ಹುಡುಕುತ್ತಾರೆ. ನೀವು ಕೆಲಸದ ಜಾಗದಿಂದ ಶುರುಮಾಡಿ. ನಕ್ಷೆಯಲ್ಲಿ ಅದನ್ನು ಗುರುತಿಸಿ, ಮನೆ ಬಾಗಿಲಿನಿಂದ ಅಲ್ಲಿಗೆ ಎಷ್ಟು ನಿಮಿಷದೊಳಗೆ ತಲುಪಬೇಕೆಂದು ಗಟ್ಟಿಮಾಡಿಕೊಳ್ಳಿ. ಜನ ಓಡಾಟಕ್ಕೆ ದಿನಕ್ಕೆ ಸರಾಸರಿ ಒಂದು ಗಂಟೆ ಕೊಡುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಮಹಾನಗರದಲ್ಲಿ ಅಷ್ಟರಲ್ಲಿ ಮುಗಿಯುವುದು ಕಷ್ಟ. ಹೋಗಲು 45 ನಿಮಿಷ, ಬರಲು 45 ನಿಮಿಷ ಎಂದು ಮಿತಿ ಇಟ್ಟುಕೊಳ್ಳಿ.

ಈ 45ರಲ್ಲಿ ಎಲ್ಲವೂ ಸೇರಬೇಕು. ಜಾಹೀರಾತಿನಲ್ಲಿ 'ರೈಲಿನಲ್ಲಿ ಬರೀ 18 ನಿಮಿಷ' ಎಂದಿರುತ್ತದೆ. ಬಿಡಿಸಿ ನೋಡಿ: ನಿಲ್ದಾಣಕ್ಕೆ ನಡಿಗೆ 9, ರೈಲಿಗೆ ಕಾಯುವುದು 6, ಪ್ರಯಾಣ 18, ಇಳಿದು ಬಸ್ ನಿಲ್ದಾಣಕ್ಕೆ 7, ಬಸ್ಸಿಗೆ ಕಾಯುವುದು 8, ಬಸ್ಸಿನಲ್ಲಿ 12, ಕೊನೆಯ ನಡಿಗೆ 5. ಒಟ್ಟು 65 ನಿಮಿಷ. ಅದರಲ್ಲಿ ಗಾಡಿಯೊಳಗೆ ಕಳೆದದ್ದು 30 ಮಾತ್ರ.

ಎಡವಟ್ಟಾಗುವುದು ಹೆಚ್ಚಾಗಿ ಕಾಯುವುದರಲ್ಲಿ. ಹತ್ತು ನಿಮಿಷಕ್ಕೊಂದು ಬಸ್ ಸರಿಯಾದ ಅಂತರದಲ್ಲಿ ಬಂದರೆ ಸರಾಸರಿ ಐದು ನಿಮಿಷ ಕಾಯಬೇಕು. ಆದರೆ ಒಂದು ಬಸ್ ಸ್ವಲ್ಪ ತಡವಾದರೆ ಮುಂದಿನ ನಿಲ್ದಾಣದಲ್ಲಿ ಜನ ಜಾಸ್ತಿ ಸೇರಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡೆರಡು ಬಸ್ ಜೋಡಿಯಾಗಿ ಬರುತ್ತವೆ. ಬಸ್ಸುಗಳ ಸಂಖ್ಯೆ ಅಷ್ಟೇ ಇದ್ದರೂ ನಿಮ್ಮ ಕಾಯುವಿಕೆ ಹತ್ತು ನಿಮಿಷಕ್ಕೇರುತ್ತದೆ. ಹಾಗಾಗಿ ವೇಳಾಪಟ್ಟಿ ನೋಡಿ ತೃಪ್ತರಾಗಬೇಡಿ, ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಗಾಡಿ ಬದಲಿಸಲೇಬೇಕಾದರೆ ಎರಡನೆಯದು ಪದೇಪದೇ ಬರುವಂಥದ್ದಿರಲಿ. ಅರ್ಧ ಗಂಟೆಗೊಂದರಂತೆ ಬರುವ ಗಾಡಿ ಎರಡು ನಿಮಿಷದಲ್ಲಿ ತಪ್ಪಿದರೆ ಹೋಗುವುದು ಎರಡು ನಿಮಿಷವಲ್ಲ, ಮೂವತ್ತು.

ಅಡ್ವಾನ್ಸ್ ಕೊಡುವ ಮೊದಲು ಆ ಮನೆಯಿಂದ ಒಮ್ಮೆ ನಿಜವಾಗಿಯೂ ಆಫೀಸಿಗೆ ಹೋಗಿ ಬನ್ನಿ. ಕೆಲಸದ ದಿನವೇ, ನೀವು ಹೊರಡುವ ಹೊತ್ತಿಗೇ. ಭಾನುವಾರ ಮಧ್ಯಾಹ್ನದ ಖಾಲಿ ರಸ್ತೆ ಏನನ್ನೂ ಹೇಳುವುದಿಲ್ಲ. ಸಂಜೆ ವಾಪಸ್ ಬರುವಾಗಲೂ ಸಮಯ ಬರೆದುಕೊಳ್ಳಿ, ಎರಡೂ ಒಂದೇ ಇರುವುದು ಅಪರೂಪ. ನಕ್ಷೆಯ ಆ್ಯಪ್ '35ರಿಂದ 60 ನಿಮಿಷ' ಎಂದು ತೋರಿಸಿದರೆ 60 ಅನ್ನೇ ಹಿಡಿಯಿರಿ. ಹಾಜರಿ ನಿಮಿಷಕ್ಕೆ ಸರಿಯಾಗಿ ನೋಡುವ ಕೆಲಸವಾದರೆ ನೀವು ಮನೆ ಬಿಡಬೇಕಾದ್ದು ಕೆಟ್ಟ ದಿನದ ಲೆಕ್ಕದಲ್ಲೇ. ರಾತ್ರಿ ಶಿಫ್ಟಿನವರು ಕೊನೆಯ ಗಾಡಿ ಎಷ್ಟಕ್ಕೆ, ನಿಲ್ದಾಣದಿಂದ ಮನೆವರೆಗೆ ಬೀದಿದೀಪ ಇದೆಯೇ ಎಂದು ರಾತ್ರಿಯೇ ಹೋಗಿ ನೋಡಬೇಕು. ಹಗಲು ಮಲಗುವವರು ಬೀದಿಯ ಹಗಲಿನ ಸದ್ದನ್ನೂ ಕೇಳಿಸಿಕೊಳ್ಳಲಿ.

ದೂರದ ಮನೆಗೆ ಬಾಡಿಗೆ ಕಡಿಮೆ, ನಿಜ. ಆದರೆ ಒಂದೊಂದು ಸಲಕ್ಕೂ 20 ನಿಮಿಷ ಹೆಚ್ಚಾದರೆ ತಿಂಗಳ 22 ಕೆಲಸದ ದಿನಗಳಲ್ಲಿ 880 ನಿಮಿಷ, ಅಂದರೆ 14 ಗಂಟೆ 40 ನಿಮಿಷ ಹೋಗುತ್ತದೆ. ಬಾಡಿಗೆಯಲ್ಲಿ ಉಳಿದ ಹಣದಿಂದ ಹೆಚ್ಚುವರಿ ಟಿಕೆಟ್ ಖರ್ಚು ಕಳೆದು, ಉಳಿದದ್ದನ್ನು ಈ ಗಂಟೆಗಳಿಗೆ ಭಾಗಿಸಿ. ನಿಮ್ಮ ಗಂಟೆಯ ದುಡಿಮೆಗಿಂತ ಅದು ತೀರಾ ಕಡಿಮೆ ಬಂದರೆ ಆ ಮನೆ ಅಗ್ಗವಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ನಕ್ಷೆಯಲ್ಲಿ ಎರಡು ಆಫೀಸುಗಳ 45 ನಿಮಿಷದ ವ್ಯಾಪ್ತಿ ಬೇರೆ ಬೇರೆ ಬಣ್ಣದಲ್ಲಿ ಎಳೆದು, ಎರಡೂ ಕೂಡುವ ಕಡೆ ಹುಡುಕಿ. ಅಲ್ಲಿ ಎರಡು ರೈಲು ಮಾರ್ಗ ಸೇರುವ ಜಂಕ್ಷನ್ ಸಿಕ್ಕರೆ ಬಿಡಬೇಡಿ. ನಾಳೆ ಕೆಲಸ ಬದಲಾದರೂ ಮನೆ ಬದಲಿಸುವ ಪ್ರಮೇಯ ಬರಲಿಕ್ಕಿಲ್ಲ.

ಇನ್ನೊಂದು ವಿಷಯ. ಮಹಾನಗರ ಪ್ರದೇಶ ಅನೇಕ ಸ್ಥಳೀಯ ಆಡಳಿತಗಳಿಗೆ ಹಂಚಿಹೋಗಿರುವುದೇ ಹೆಚ್ಚು. ರಸ್ತೆ ದಾಟಿದರೆ ನೀರು ಬಿಡುವವರು, ಕಸ ಒಯ್ಯುವವರು, ಶಾಲೆಗೆ ಸೇರಿಸಿಕೊಳ್ಳುವ ನಿಯಮ, ಬಸ್ ಪಾಸಿನ ವಲಯ ಎಲ್ಲವೂ ಬೇರೆಯಿರಬಹುದು. ಕರಾರಿಗೆ ಸಹಿ ಹಾಕುವ ಮುನ್ನ ಮನೆ ಯಾವ ಆಡಳಿತಕ್ಕೆ ಸೇರಿದೆ ಎಂಬುದನ್ನು ತೆರಿಗೆ ರಶೀದಿಯಲ್ಲಿ ನೋಡಿಕೊಳ್ಳಿ.