ತುಂಗನಾಥದ ಚಳಿಯಲ್ಲಿ ಉಣ್ಣೆ ಹಾಕಿದ ಬೋನು

ಮರಗಳು ಮುಗಿಯುವ ಎತ್ತರದಲ್ಲಿ ಶೆರ್ಮನ್ ಬೋನು (ಇಲಿಯನ್ನು ಜೀವಂತ ಹಿಡಿಯುವ, ಮಡಚಿಡಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆ) ಇಟ್ಟರೆ ಬೆಳಿಗ್ಗೆ ಸಿಗೋದು ಸತ್ತ ಇಲಿಯೇ ಎಂದವರೇ ಜಾಸ್ತಿ. ಉತ್ತರಾಖಂಡದ ಚೋಪ್ತಾದಿಂದ ತುಂಗನಾಥಕ್ಕೆ ಹತ್ತುವಾಗ ಸಿಗುವ ಬಂಡೆರಾಶಿಗಳಲ್ಲಿ, ಸುಮಾರು 3,500 ಮೀಟರ್ ಎತ್ತರದಲ್ಲಿ, ಕಳೆದ ಅಕ್ಟೋಬರ್‌ನಲ್ಲಿ ನನ್ನ ಬೋನಿಗೆ ಬಿದ್ದವುಗಳು ಹೆಚ್ಚೂಕಡಿಮೆ ಎಲ್ಲವೂ ಬದುಕಿ ಓಡಿದವು. ಅದು ಕೇದಾರನಾಥ ಅಭಯಾರಣ್ಯ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬರುವವರೆಗೆ ಬೋನು ಬಿಚ್ಚಲೇಬೇಡಿ.

ತೊಂದರೆ ಇದ್ದದ್ದು ಇಲಿ ಬೆಚ್ಚಗಿರಲೆಂದು ಬೋನಿನೊಳಗೆ ಹಾಕುವ ಹತ್ತಿಯಲ್ಲಿ. ಇಲಿಯ ಉಸಿರು ಅಲ್ಯೂಮಿನಿಯಂ ಒಳಮೈಗೆ ತಾಗಿ ನೀರಾಗುತ್ತದೆ. ಹತ್ತಿ ಅದನ್ನು ಹೀರಿ ಮುದ್ದೆಯಾಗುತ್ತದೆ, ಬೆಳಗಿನ ಜಾವಕ್ಕೆ ಗಡ್ಡೆ ಕಟ್ಟುತ್ತದೆ. ಮೊದಲ ವರ್ಷದ ಸಾವುಗಳೆಲ್ಲ ಹೀಗೇ ಆದದ್ದು. ಎತ್ತರದ ಹುಲ್ಲುಗಾವಲುಗಳಾದ ಬುಗ್ಯಾಲ್‌ಗಳಿಂದ ಇಳಿಯುತ್ತಿದ್ದ ಕುರಿಗಾಹಿಗಳ ಹತ್ತಿರ ತೊಳೆಯದ ಉಣ್ಣೆ ಕೊಂಡೆ. ಒಂದು ಚೀಲಕ್ಕೆ ಮುನ್ನೂರೋ ನಾನೂರೋ ಕೊಟ್ಟ ನೆನಪು. ಒದ್ದೆಯಾದರೂ ಅದು ಬೆಚ್ಚಗಿರುತ್ತದೆ.

ಉಣ್ಣೆಯ ಎಳೆ ಇಲಿಯ ಕಾಲಿಗೆ ಸುತ್ತಿಕೊಳ್ಳುತ್ತದೆ ಅಂದರು ಕೆಲವರು. ಬಿಡಿಯಾಗಿ ತುರುಕಿದರೆ ಸುತ್ತಿಕೊಳ್ಳುತ್ತದೆ, ನಿಜ. ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ಗಟ್ಟಿ ಉಂಡೆ ಮಾಡಿ, ಹಿಂಬದಿಗೆ ಒತ್ತಿ, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಬೇಕು. ಬೋನಿನ ಬಾಯಿ ತುಸು ಇಳಿಜಾರಿಗಿರಲಿ, ಮೇಲೆ ಚಪ್ಪಟೆ ಕಲ್ಲು, ಕೆಳಗೆ ಒಣಹುಲ್ಲು. ಬಾಗಿಲು ತೆರೆದರೆ ಅಲ್ಟಿಕೋಲಾ ವೋಲ್ ಎಂಬ ಬೆಟ್ಟದ ಇಲಿ ಆ ಗುಳಿಯಲ್ಲಿ ಮೂತಿ ಹುದುಗಿಸಿ, ಕಿವಿ ಒತ್ತಿಕೊಂಡು ಕೂತಿರುತ್ತದೆ. ಮುಟ್ಟಿದರೆ ಮೈ ಬಿಸಿ. ಅದನ್ನು ನೋಡೋದಕ್ಕೇ ಮತ್ತೆ ಮತ್ತೆ ಬೆಟ್ಟ ಹತ್ತಬಹುದು.

ಸುಂಡಿಲಿಗೆ ಉಣ್ಣೆ ಸಾಲದು. ಕೆಲವೇ ಗಂಟೆ ಹಸಿದರೂ ಅದು ಸಾಯುತ್ತದೆ. ಹುಳು ಹಾಕಿ, ರಾತ್ರಿ ಎರಡು ಮೂರು ಗಂಟೆಗೊಮ್ಮೆ ಸುತ್ತು ಹಾಕಲೇಬೇಕು. ಬೋನಿನ ಆಮಿಷಕ್ಕೆ ಪೀನಟ್ ಬಟರ್, ಓಟ್ಸ್ ಎಲ್ಲರೂ ಬಳಸುವುದೇ. ನಾನು ಅದಕ್ಕೆ ಬೆರೆಸುವ ಮೂರನೆಯದು ನನ್ನಲ್ಲೇ ಇರಲಿ.

ದುಡ್ಡು ತಿಂದದ್ದು ಬೋನುಗಳೇ. ಹೊರದೇಶದಿಂದ ತರಿಸಿದ ನಲವತ್ತಕ್ಕೆ ಸುಂಕ, ಸಾಗಣೆ ಸೇರಿ ಲಕ್ಷ ದಾಟಿತು. ತಗಡಿನದನ್ನು ಐನೂರರ ಆಸುಪಾಸಿನಲ್ಲಿ ಮಾಡಿಸಿ ನೋಡಿದೆ. ಒಳಗಿನ ತಟ್ಟೆ ಭಾರ, ಇಪ್ಪತ್ತು ಗ್ರಾಮಿನ ಇಲಿ ಹತ್ತಿ ಕುಣಿದರೂ ಬಾಗಿಲು ಬೀಳುವುದಿಲ್ಲ. ಸ್ಪ್ರಿಂಗ್ ಬದಲಿಸಿದ ಮೇಲೆ ಗಾಳಿಗೇ ಬೀಳತೊಡಗಿತು. ಅಲ್ಲಿಗೆ ಬಿಟ್ಟೆ.

ಬೆಳಕು ಹರಿಯುವ ಮೊದಲೇ ಬೋನು ಮುಚ್ಚಿಬಿಡುತ್ತೇನೆ. ತಡವಾದರೆ ಹಳದಿ ಕೊಕ್ಕಿನ, ಕಾಗೆ ಜಾತಿಯ ಚಫ್‌ಗಳು ಇಳಿದು ಓಟ್ಸ್ ಎಳೆದು ತಿನ್ನುತ್ತವೆ, ಬೋನನ್ನೇ ಉರುಳಿಸುತ್ತವೆ. ಮುಚ್ಚಿದ ಮೇಲೆ ಅಲ್ಲೇ ಬಂಡೆಗೆ ಒರಗಿ ಕೂರುತ್ತೇನೆ. ಹಕ್ಕಿ ನೋಡಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಆಲ್ಪೈನ್ ಆಕ್ಸೆಂಟರ್ ಎಂಬ ಪುಟ್ಟ ಹಕ್ಕಿ ಉದುರಿದ ಕಾಳು ಹೆಕ್ಕುತ್ತಾ ಬೂಟಿನ ಹತ್ತಿರಕ್ಕೇ ಬರುತ್ತದೆ. ಕೆಳಗೆ ಕಾಡುಕೋಳಿಯ ಬಳಗದ ಮೋನಲ್ ಗೆಡ್ಡೆಗಾಗಿ ನೆಲ ಕೆದಕುತ್ತಿರುತ್ತದೆ. ಕೆದಕಿದ ಹಸಿ ಮಣ್ಣಿನ ಪಕ್ಕ ಬೋನಿಟ್ಟರೆ ಜಾಸ್ತಿ ಸಿಗಬಹುದು ಅಂದುಕೊಂಡಿದ್ದೆ, ವ್ಯತ್ಯಾಸ ಕಾಣಲಿಲ್ಲ. ಮೊಲದ ಬಳಗದ ಪುಟ್ಟ ಪ್ರಾಣಿಗಳಾದ ಪಿಕಾಗಳನ್ನು ನೋಡುತ್ತಾ ಕೂತಾಗ ಕಂಡದ್ದು ಇನ್ನೊಂದು: ಗ್ರಿಫನ್ ರಣಹದ್ದಿನ ನೆರಳು ಮೇಲೆ ಹಾದರೂ ಅವು ಮೇಯುತ್ತಲೇ ಇರುತ್ತವೆ. ಚಿನ್ನದ ಹದ್ದು ಬಂದರೆ ಬಂಡೆಯ ಮೇಲೆ ಒಂದೂ ಉಳಿಯುವುದಿಲ್ಲ. ಈ ಸಲ ಇದನ್ನು ಗಡಿಯಾರ ಹಿಡಿದು ಬರೆದುಕೊಳ್ಳಬೇಕು ಅಂತಿದ್ದೇನೆ.

ಮರೆಯುವ ಮುಂಚೆ ಒಂದು ಮಾತು: ಒಂದು ಪ್ರಾಣಿ ಮಲಗಿದ ಉಣ್ಣೆಯನ್ನು ಇನ್ನೊಂದಕ್ಕೆ ಹಾಕಬೇಡಿ, ಚಿಗಟ ಹರಡುತ್ತದೆ.