ಹಿಡನ್ ಫೀಲ್ಡಿಗೆ ಅರೇ ತುರುಕಲು ಹೋಗಿ

ಪಾರ್ಸೆಲ್ ಬುಕಿಂಗಿಗೆ ಜೆಎಸ್‌ಪಿಯಲ್ಲಿ (ಜಾವಾ ಬಳಸಿ ವೆಬ್ ಪುಟ ತಯಾರಿಸುವ ವಿಧಾನ) ಒಂದು ಫಾರ್ಮ್ ಮಾಡುತ್ತಿದ್ದೆ. ಮೊದಲ ಪುಟದಲ್ಲಿ ವಿಳಾಸಗಳನ್ನು ತುಂಬಬೇಕು, ಎರಡನೆಯದರಲ್ಲಿ ನೋಡಿ ಒಪ್ಪಬೇಕು, ಆಮೇಲೆ ಸೇವ್. ನಡುವಿನ ಪುಟದಿಂದ ವಿಳಾಸಗಳ ಅರೇಯನ್ನು, ಅಂದರೆ ಸಾಲುಪಟ್ಟಿಯನ್ನು, ಮುಂದಕ್ಕೆ ದಾಟಿಸಬೇಕಿತ್ತು. ಪುಟದಲ್ಲಿ ಕಾಣದೆ ಫಾರ್ಮ್ ಜೊತೆ ಹೋಗುವ ಹಿಡನ್ ಫೀಲ್ಡ್ ಇದೆಯಲ್ಲ ಎಂದು ಅರೇಯನ್ನೇ ಸೀದಾ ಅದರ ವ್ಯಾಲ್ಯೂಗೆ ಕೊಟ್ಟುಬಿಟ್ಟೆ.

ಸರ್ವರ್‌ನಲ್ಲಿ ಫಾರ್ಮನ್ನು ಸ್ವೀಕರಿಸುವ ಜಾವಾ ಕೋಡಾದ ಸರ್ವ್‌ಲೆಟ್‌ಗೆ ಬಂದದ್ದೇನು? ಒಂದು ಚೌಕ ಬ್ರಾಕೆಟ್, ಸ್ಟ್ರಿಂಗ್ ಕ್ಲಾಸಿನ ಹೆಸರು, ಅಟ್ ಚಿಹ್ನೆ, ಕೊನೆಗೆ ಏನೋ ಹ್ಯಾಶ್‌ಕೋಡ್ ಅನ್ನೋ ಸಂಖ್ಯೆ. ವಿಳಾಸ ಒಂದೂ ಇಲ್ಲ! ಜಾವಾ ಅರೇಯನ್ನು ಸುಮ್ನೆ ಪ್ರಿಂಟ್ ಮಾಡಿದರೆ ಬರುವುದೇ ಅಷ್ಟು.

ಸರಿ, ಕಾಮಾ ಹಾಕಿ ಜೋಡಿಸಿದೆ. 'ನಂ. 12, 3ನೇ ಕ್ರಾಸ್, ಜಯನಗರ' ಅನ್ನೋ ಒಂದೇ ವಿಳಾಸ ಮೂರಾಗಿ ಒಡೆಯಿತು. ಕಾಮಾ ಬದಲು ಪೈಪ್ ಚಿಹ್ನೆ ಹಾಕಿದೆ. ಈಗ ಒಂದೊಂದು ಅಕ್ಷರವೂ ಬೇರೆ ಬೇರೆ. ಜೋಡಿಸಿದ್ದನ್ನು ಮತ್ತೆ ಒಡೆಯುವ ಸ್ಪ್ಲಿಟ್ ತೆಗೆದುಕೊಳ್ಳುವುದು ರೆಜೆಕ್ಸ್ (ಅಕ್ಷರಗಳ ಮಾದರಿ ಹೇಳುವ ಸೂತ್ರ), ಅದರಲ್ಲಿ ಪೈಪ್ ಅಂದರೆ 'ಇದು ಅಥವಾ ಅದು'. ಅರ್ಧ ದಿನ ಅಲ್ಲೇ ಹೋಯಿತು.

ದಾರಿ ಇದ್ದದ್ದು ಬಲು ಸುಲಭ. ಜೆಎಸ್‌ಪಿಯ ಸಿದ್ಧ ಟ್ಯಾಗ್‌ಗಳ ಸಂಗ್ರಹವಾದ ಜೆಎಸ್‌ಟಿಎಲ್‌ನ ಫಾರ್‌ಈಚ್ ಲೂಪಿನಲ್ಲಿ ಪ್ರತಿ ವಿಳಾಸಕ್ಕೂ ಒಂದೊಂದು ಹಿಡನ್ ಇನ್‌ಪುಟ್ ಬರೆದೆ, ಎಲ್ಲಕ್ಕೂ ಒಂದೇ ಹೆಸರು. ಸರ್ವ್‌ಲೆಟ್‌ನಲ್ಲಿ ಗೆಟ್‌ಪ್ಯಾರಾಮೀಟರ್ ಕರೆದರೆ ಮೊದಲನೆಯದು ಮಾತ್ರ ಸಿಗುತ್ತದೆ. ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್ ಕರೆದರೆ ಪೂರ್ತಿ ಸ್ಟ್ರಿಂಗ್ ಅರೇ ಕೈಗೆ ಬರುತ್ತದೆ, ಅದೂ ಪುಟದಲ್ಲಿದ್ದ ಸರದಿಯಲ್ಲೇ. ಆ ಹೆಸರಿನ ಫೀಲ್ಡ್ ಒಂದೂ ಬರದಿದ್ದರೆ ಖಾಲಿ ಅರೇ ಅಲ್ಲ, ನಲ್ (ಏನೂ ಇಲ್ಲ ಎಂಬ ಗುರುತು) ಬರುತ್ತದೆ. ಲೂಪಿಗೆ ಮುಂಚೆ ಅದನ್ನು ನೋಡಿಕೊಳ್ಳಬೇಕು. ವಿಳಾಸವನ್ನು ಜೆಎಸ್‌ಟಿಎಲ್‌ನ ಸಿ-ಔಟ್ ಟ್ಯಾಗ್ ಮೂಲಕವೇ ಬರೆದೆ, ಅದು ವಿಶೇಷ ಚಿಹ್ನೆಗಳನ್ನು ಪುಟಕ್ಕೆ ಹೊಂದುವಂತೆ ಬದಲಿಸುತ್ತದೆ. ಇಲ್ಲದಿದ್ದರೆ ಯಾರಾದರೂ ಮನೆ ಹೆಸರಿಗೆ ಡಬಲ್ ಕೋಟ್ ಹಾಕಿದರೆ ವ್ಯಾಲ್ಯೂ ಅಲ್ಲಿಗೇ ತುಂಡಾಗುತ್ತದೆ.

ಚೆಕ್‌ಬಾಕ್ಸ್ ಮಾತ್ರ ಇನ್ನೂ ಕಾಡಿತು. ಪ್ರತಿ ವಿಳಾಸದ ಪಕ್ಕ 'ವಿಮೆ ಬೇಕು' ಎಂದು ಒಂದು ಇಟ್ಟಿದ್ದೆ. ಟಿಕ್ ಮಾಡದ್ದನ್ನು ಬ್ರೌಸರ್ ಕಳಿಸುವುದೇ ಇಲ್ಲ. ಐದು ವಿಳಾಸ, ಎರಡು ಟಿಕ್ ಇದ್ದರೆ ಟಿಕ್‌ಗಳ ಅರೇಯ ಉದ್ದ ಎರಡೇ, ಅಲ್ವಾ? ನಾಲ್ಕನೆಯವರ ವಿಮೆ ಮೊದಲನೆಯವರಿಗೆ ಹೋಗಿ ಕೂತಿತ್ತು. ಪ್ರತಿ ಚೆಕ್‌ಬಾಕ್ಸಿನ ವ್ಯಾಲ್ಯೂವಾಗಿ ಸಾಲಿನ ಸಂಖ್ಯೆಯನ್ನೇ ಕೊಟ್ಟ ಮೇಲೆ ಸರಿಹೋಯಿತು.

ಇದೇ ಹುರುಪಿನಲ್ಲಿ ದರವನ್ನೂ ಹಿಡನ್ ಫೀಲ್ಡಿಗೆ ಹಾಕಿದ್ದೆ. ಜೊತೆಗೆ ಕೆಲಸ ಮಾಡುವವನೊಬ್ಬ ಎಫ್12 ಒತ್ತಿ ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, 180 ಇದ್ದದ್ದನ್ನು 1 ಮಾಡಿ, ಸಬ್‌ಮಿಟ್ ಕೊಟ್ಟ. ಒಂದು ರೂಪಾಯಿಗೆ ಪಾರ್ಸೆಲ್ ಬುಕ್ ಆಯಿತು. ಅವನು ನಕ್ಕ, ನಾನು ಅವತ್ತೇ ದರವನ್ನು ಸರ್ವರ್‌ನಲ್ಲೇ ಉಳಿಯುವ ಸೆಷನ್ನಿಗೆ ಸಾಗಿಸಿದೆ.